ಇರಬಿ ಸಾಲಿನ ಸೀರೆ, ನನ್ನ ಹೊಸ ಫೋನು

ರೋಣ

ರೋಣದಲ್ಲಿ ನನ್ನದೊಂದು ಬಣ್ಣದ ಅಂಗಡಿ ಇದೆ. ಗೋಡೆಗೆ ಬಳಿಯುವ ಬಣ್ಣ, ಬಾಗಿಲಿಗೆ ಹಚ್ಚುವ ವಾರ್ನಿಷು, ಕಾರಹುಣ್ಣಿಮೆ ಬಂತೆಂದರೆ ಎತ್ತಿನ ಕೋಡಿಗೆ ಬೇಕಾಗುವ ಸಣ್ಣ ಡಬ್ಬಿಗಳು. ಇಂಥ ಅಂಗಡಿಕಾರನೊಬ್ಬ ವಿದೇಶಕ್ಕೆ ಹೋಗಿ ಬಂದನೆಂದರೆ ತನ್ನ ಜಾಣತನದಿಂದ ಹೋದನೆಂದು ಯಾರೂ ತಿಳಿಯಬಾರದು. ಆ ವರ್ಷ ನಮ್ಮ ಕಡೆ ಮನೆ ಕಟ್ಟಿಸುವವರು ಹೆಚ್ಚಾಗಿದ್ದರು. ಬಣ್ಣದ ಕಂಪನಿಯವರು ಇಟ್ಟ ಗುರಿಯನ್ನು ನಾನು ಕೂತಲ್ಲೇ ಕೂತು ಮುಟ್ಟಿಬಿಟ್ಟೆ. ಗುರಿ ಮುಟ್ಟಿದ ಅಂಗಡಿಕಾರರಿಗೆಲ್ಲ ಇಬ್ಬಿಬ್ಬರಂತೆ ಮಾರಿಷಸ್ ಪ್ರವಾಸ. ಫೋನಿನೊಳಗೆ ಕ್ಯಾಮರಾ ಬಂದ ಹೊಸತು ಅದು. ಎರಡು ಸಾವಿರದ ಏಳೋ ಎಂಟೋ ಇರಬೇಕು.

ನನ್ನ ಹೆಂಡತಿ ಗಿರಿಜೆಯ ತಂಗಿಗೆ ಅದೇ ಹೊತ್ತಿಗೆ ಹೆರಿಗೆ. ನರಗುಂದದ ತವರುಮನೆಯಲ್ಲಿ ಬಾಣಂತನ ಮಾಡುವವರು ಬೇರೆ ಯಾರೂ ಇರಲಿಲ್ಲ. "ನನ್ನ ಬದಲಿ ನೀಲಕ್ಕಾರನ್ನ ಕರಕೊಂಡ ಹೋಗ್ರಿ," ಎಂದಳು ಗಿರಿಜೆ. "ಹುಟ್ಟಿದಾಗಿಂದ ಮಗ್ಗದ ಕುಣಿ ಬಿಟ್ಟು ಎದ್ದಿಲ್ಲ ಅವರು. ಒಮ್ಮೆರ ವಿಮಾನದಾಗ ಕುಂದರ್ಲಿ."

ನೀಲಕ್ಕ ನನ್ನ ಒಡಹುಟ್ಟಿದ ಅಕ್ಕ. ನನಗಿಂತ ಹನ್ನೆರಡು ವರ್ಷಕ್ಕೆ ದೊಡ್ಡವಳು. ಗಜೇಂದ್ರಗಡದಲ್ಲಿ ನಮ್ಮಪ್ಪ ನೇಯ್ದ ಮಗ್ಗದಲ್ಲಿ ಈಗ ಅವಳು ಸೀರೆ ನೇಯುತ್ತಾಳೆ. ನೇಕಾರನ ಮಗನಾಗಿಯೂ ನಾನು ಮಗ್ಗದ ಹತ್ತಿರ ಸುಳಿಯಲಿಲ್ಲ. ಸಾಲಿ ಕಲಿತೆ, ರೋಣಕ್ಕೆ ಬಂದು ಅಂಗಡಿ ಹಾಕಿದೆ. ಕುಣಿಯಲ್ಲಿ ಕಾಲು ಇಳಿಬಿಟ್ಟು ದಿನವಿಡೀ ಕೂಡುವ ಕೆಲಸ ನನಗೆ ಬೇಡವಾಗಿತ್ತು, ಅಕ್ಕನಿಗೆ ಬೇಕಾಗಿತ್ತು. ಅವಳ ಕೈಯ ಸೀರೆಯಲ್ಲಿ ತಪ್ಪು ಹುಡುಕುವುದೆಂದರೆ ಸುಮ್ಮನೆ ಹೊತ್ತು ಕಳೆಯುವುದು ಎಂದು ನೇಕಾರರ ಓಣಿಯಲ್ಲಿ ಮಾತಿತ್ತು. ಅಕ್ಕನಿಗೂ ಅದು ಗೊತ್ತಿತ್ತು, ಅದರ ಬಗ್ಗೆ ಸ್ವಲ್ಪ ಸೊಕ್ಕೂ ಇತ್ತು.

ಅಂಥ ಅಕ್ಕನಿಗೆ ಬಾರದ ಒಂದೇ ಒಂದು ದಡಿ ಇತ್ತು. ದಡಿ ಎಂದರೆ ಸೀರೆಯ ಅಂಚು. ನಮ್ಮಪ್ಪ ಅದನ್ನು ಇರಬಿ ಸಾಲು ಎನ್ನುತ್ತಿದ್ದ. ಇರುವೆಗಳು ಒಂದರ ಹಿಂದೊಂದು ಹೋಗಿ, ಒಂದು ಕಡೆ ಗಕ್ಕನೆ ತಿರುಗಿ, ಮತ್ತೆ ಸಾಲು ಹಿಡಿದು ಹೋಗುವಂಥ ನಮೂನೆ. ಅಪ್ಪ ಅದನ್ನು ಕೊನೆಯ ಬಾರಿ ನೇಯ್ದದ್ದು ಅವ್ವನಿಗೆ. ಅವ್ವ ಮುತ್ತೈದೆಯಾಗಿ ಹೋದಳು. ಮುತ್ತೈದೆಗೆ ಇದ್ದುದರಲ್ಲಿ ಚಲೋ ಸೀರೆ ಉಡಿಸಿ ಮಣ್ಣು ಮಾಡುವುದು ನಮ್ಮಲ್ಲಿಯ ಪದ್ಧತಿ. ಹಾಗಾಗಿ ಆ ಸೀರೆಯೂ ಅವಳ ಸಂಗಡ ಮಣ್ಣಿಗೆ ಹೋಯಿತು. ಅದರ ಮರುವರ್ಷ ಅಪ್ಪನೂ ಹೋದ. ಅಕ್ಕ ಆಮೇಲೆ ನೆನಪಿನಿಂದಲೇ ಎಷ್ಟೋ ಸಲ ಅದನ್ನು ನೇಯಲು ಕೂತಳು. ಇರುವೆಗಳು ತಿರುಗುವ ಜಾಗದವರೆಗೆ ಬರುತ್ತಿತ್ತು, ತಿರುವಿನಲ್ಲಿ ಎಳೆಗಳ ಲೆಕ್ಕ ತಪ್ಪುತ್ತಿತ್ತು. "ಸಾಯೂದ್ರಾಗ ಒಂದ್ ಸೀರಿಗೆರ ಅದನ್ನ ಹಾಕಬೇಕೋ ಬಸೂ," ಎನ್ನುತ್ತಿದ್ದಳು. ಬೇರೆ ಏನನ್ನೂ ಅವಳು ಬೇಕು ಎಂದು ಬಾಯಿಬಿಟ್ಟು ಹೇಳಿದ್ದು ನನಗೆ ನೆನಪಿಲ್ಲ.

ಹೊರಡುವ ಮುನ್ನ ನನ್ನ ದೋಸ್ತ ದಾದಾಪೀರ ಅಂಗಡಿಗೆ ಬಂದ. ರೋಣದಲ್ಲಿ ಅವನದು ಫೋಟೋ ಸ್ಟುಡಿಯೋ. ಕೊರಳಲ್ಲಿ ಒಂದು ಕ್ಯಾಮರಾ, ಕೈಯಲ್ಲಿ ಅದಕ್ಕೆ ಸಿಕ್ಕಿಸುವ ಇನ್ನೊಂದು ಗಾಜು, ನಾಲ್ಕು ರೀಲು.

"ಲೇ ಬಸ್ಯಾ, ಇದನ್ನ ಒಯ್ಯಿ. ಈ ಗಾಜ ಹಾಕಿದ್ರ ಜೋಳದ ಕಾಳಿನ ಮ್ಯಾಲಿನ ಗೆರಿ ಸೈತ ಬರ್ತಾವು."

ನಾನು ಕಿಸೆಯಿಂದ ನನ್ನ ಹೊಸ ಫೋನನ್ನು ತೆಗೆದು ತೋರಿಸಿದೆ. ಹದಿನೈದು ದಿನದ ಕೂಸು ಅದು. ಅಂಗಡಿಗೆ ಬಂದ ಗಿರಾಕಿಗಳ ಫೋಟೋವನ್ನೆಲ್ಲ ಅದರಲ್ಲಿ ತೆಗೆದು, ಅವರಿಗೇ ತೋರಿಸಿ ಅಳಿಸುತ್ತಿದ್ದೆ. ಸೂಡಿಯ ಗಿರಾಕಿಯೊಬ್ಬ ತನ್ನ ಫೋಟೋ ನೋಡಿಕೊಳ್ಳಲೆಂದೇ ಮೂರು ಸಲ ಬಂದು ಹೋಗಿದ್ದ. "ಇದರಾಗ ಎಲ್ಲಾ ಐತಿ. ಅಷ್ಟ ದೊಡ್ಡ ಡಬ್ಬಿ ಯಾರ ಹೊರಬೇಕೋ? ಮ್ಯಾಲ ರೀಲ ಮುಗೀತಂದ್ರ ಹುಡುಕ್ಯಾಡು," ಎಂದೆ.

ದಾದಾಪೀರ ಫೋನನ್ನು ತಿರುಗಿಸಿ ಮುರುಗಿಸಿ ನೋಡಿದ. "ಈ ಸಣ್ಣ ಪಡದೇದಾಗ ಎಲ್ಲಾನೂ ಚಂದ ಕಾಣ್ತದ. ದೊಡ್ಡದ ಮಾಡಿದಾಗ ಗೊತ್ತಾಗ್ತದ ನೋಡ ಅದರ ಬಂಡವಾಳ."

"ನಿನ್ನ ಧಂದೆ ಮುಳಗ್ತದಂತ ಹೊಟ್ಟಿಕಿಚ್ಚ ನಿನಗ," ಎಂದು ನಕ್ಕೆ. ಅವನು ನಗಲಿಲ್ಲ. ಕ್ಯಾಮರಾವನ್ನು ಚೀಲಕ್ಕೆ ಹಾಕಿಕೊಂಡು ಚಹಾ ಕುಡಿದು ಹೋದ. ಮಾತು ಅಲ್ಲಿಗೆ ಮುಗಿಯಿತು.

ಮುಂಬೈ, ವಿಮಾನ

ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಅಕ್ಕನ ಸೊಂಟದ ಸಂಚಿಯನ್ನು ಬಿಚ್ಚಿಸಿದರು. ಅದರಲ್ಲಿ ಎಲೆ ಅಡಿಕೆ ಇತ್ತು, ಬಿಳಿ ನೂಲಿನ ಒಂದು ಉಂಡೆ ಇತ್ತು, ನೂಲು ಕತ್ತರಿಸುವ ಪುಟ್ಟ ಕತ್ತರಿ ಇತ್ತು. ಪೊಲೀಸು ಹುಡುಗಿ ಕತ್ತರಿಯನ್ನು ತೆಗೆದು ತಟ್ಟೆಗೆ ಹಾಕಿದಳು.

"ಯವ್ವಾ, ಅದರಿಂದ ನಾ ಯಾರನ್ನ ಹೊಡೀಲಿ? ಅದು ನೂಲಿಗೆ," ಎಂದಳು ಅಕ್ಕ.

ಹುಡುಗಿಗೆ ಕನ್ನಡ ತಿಳಿಯದು. ನಾನು ಹಿಂದಿಯಲ್ಲಿ ವಾದಿಸಿ ಸೋತೆ. ನೂಲಿನ ಉಂಡೆಯನ್ನು ಮಾತ್ರ ವಾಪಸು ಕೊಟ್ಟರು. ವಿದೇಶಕ್ಕೆ ನೂಲು ಯಾಕೆ ಎಂದು ನಾನು ಕೇಳಿದ್ದಕ್ಕೆ, "ನೀ ಫೋನ್ ಬಿಟ್ಟ ಬರ್ತೀಯೇನ?" ಎಂದಳು.

ವಿಮಾನದ ಕಿಟಕಿಯಿಂದ ಮೋಡದ ಫೋಟೋ ತೆಗೆದೆ. ರೆಕ್ಕೆಯ ಫೋಟೋ ತೆಗೆದೆ. ಊಟದ ತಟ್ಟೆಯ ಫೋಟೋ ತೆಗೆದೆ. ಅಕ್ಕ ತಟ್ಟೆಯನ್ನು ನನ್ನ ಕಡೆ ಸರಿಸಿ, ಗಂಟಿನಿಂದ ಖಡಕ್ ರೊಟ್ಟಿ, ಗುರೆಳ್ಳು ಚಟ್ನಿ ತೆಗೆದಳು. ಪಕ್ಕದಲ್ಲಿ ಕೂತ ಗುಜರಾತದ ಬಣ್ಣದ ವ್ಯಾಪಾರಿಗೂ ಒಂದು ತುಂಡು ಮುರಿದುಕೊಟ್ಟಳು. ಆತ ಚಟ್ನಿಗೆ ಕೆಮ್ಮಿದ, ಮತ್ತೆ ಕೇಳಿದ. ಅವನ ಫೋಟೋವನ್ನೂ ತೆಗೆದೆ.

ಏಳು ಬಣ್ಣದ ಮಣ್ಣು

ಮಾರಿಷಸ್ಸಿನಲ್ಲಿ ಎಲ್ಲಿ ನೋಡಿದರೂ ಕಬ್ಬು. ಕಬ್ಬಿನ ನಡುವೆ ಕರಿ ಕಲ್ಲುಗಳ ಗುಡ್ಡೆ. ಈ ಕಲ್ಲನ್ನೆಲ್ಲ ಹಿಂದೆ ನಮ್ಮ ದೇಶದಿಂದ ಬಂದ ಕೂಲಿಗಳು ಕೈಯಿಂದ ಆರಿಸಿ ರಾಶಿ ಹಾಕಿದರು ಎಂದು ಮಾರ್ಗದರ್ಶಿ ಹೇಳಿದ. ಎಲ್ಲರೂ ಹೌದೇ ಎಂದು ಆ ಗುಡ್ಡೆಗಳ ಮುಂದೆ ನಿಂತು ಫೋಟೋ ತೆಗೆಸಿಕೊಂಡೆವು. ಅಕ್ಕ ಮಾತ್ರ ಕಲ್ಲೊಂದನ್ನು ಎತ್ತಿ ನೋಡಿ ಮೆಲ್ಲಗೆ ಕೆಳಗಿಟ್ಟಳು.

ಏಳು ಬಣ್ಣದ ಮಣ್ಣು ಇರುವ ಒಂದು ಜಾಗಕ್ಕೆ ಒಯ್ದರು. ಕಟಕಟೆಯ ಆಚೆ ಕೆಂಪು, ಕಂದು, ನೇರಳೆ ಮಣ್ಣಿನ ದಿಬ್ಬಗಳು. ನಾನು ಬಣ್ಣದ ವ್ಯಾಪಾರಿ, ನನ್ನ ಅಂಗಡಿಯ ಬಣ್ಣದ ಪಟ್ಟಿಯಲ್ಲಿ ಇವಕ್ಕೆ ಯಾವ ನಂಬರು ಬರಬಹುದೆಂದು ಎಣಿಸುತ್ತ ನಿಂತೆ. ಅಕ್ಕನಿಗೆ ಅಚ್ಚರಿಯಾದದ್ದು ಬೇರೆ ಕಾರಣಕ್ಕೆ.

"ಮಣ್ಣ ನೋಡಾಕ ಟಿಕೀಟ ಅಂತೇನೋ?" ಎಂದಳು. "ಯಾವಗಲ್ಲಿನ ಕರಿ ಎರಿ ಮಣ್ಣ, ನಮ್ಮ ಊರಿನ ಕೆಂಪ ಮಸಾರಿ ನೋಡಾಕ ನಾವೂ ಒಂದ ಬಾಗಲಾ ಹಚ್ಚೂಣು ತಗೊ."

ಅಲ್ಲಿ ದಾರಿಬದಿಯಲ್ಲಿ ಒಂದು ತಿನಿಸು ಮಾರುತ್ತಾರೆ. ತೆಳ್ಳಗೆ, ಮೆತ್ತಗೆ, ಒಳಗೆ ಬೇಳೆ ಹೂರಣ. ನೋಡಿದರೆ ನಮ್ಮ ಹೋಳಿಗೆಯೇ. ಬಾಯಿಗಿಟ್ಟರೆ ಸಿಹಿಯೇ ಇಲ್ಲ, ಮೇಲೆ ಕಾಳಿನ ಪಲ್ಯ, ಖಾರದ ಚಟ್ನಿ. ಅಕ್ಕ ಒಂದು ತುತ್ತು ತಿಂದು ಮಾರುವ ಹೆಂಗಸನ್ನು ಕನಿಕರದಿಂದ ನೋಡಿದಳು. "ಪಾಪ, ಬೆಲ್ಲಾ ಹಾಕೂದ ಮರತಾಳ." ಮರುದಿನ ಅದನ್ನೇ ಮೂರು ತಿಂದಳು. ಅದರ ಫೋಟೋ ನನ್ನಲ್ಲಿ ಇದೆ, ಚಂದ ಬಂದಿದೆ.

ಸಂತೆ

ನಾಲ್ಕನೇ ದಿನ ಒಂದು ಊರಿನ ಸಂತೆಯ ಹತ್ತಿರ ಬಸ್ಸು ನಿಲ್ಲಿಸಿ ಅರ್ಧ ತಾಸು ಸಮಯ ಕೊಟ್ಟರು. ಆ ಊರಿನ ಹೆಸರನ್ನು ನಾನು ಬರೆದಿಟ್ಟುಕೊಳ್ಳಲಿಲ್ಲ. ಫ್ರೆಂಚ್ ಹೆಸರು, ಬಾಯಲ್ಲಿ ನಿಲ್ಲುವಂಥದ್ದಲ್ಲ. ಫಲಕದ ಫೋಟೋ ತೆಗೆದರಾಯಿತು ಎಂದುಕೊಂಡೆ, ಹಣ್ಣಿನ ಅಂಗಡಿಗಳ ಫೋಟೋ ತೆಗೆಯುವ ಗದ್ದಲದಲ್ಲಿ ಅದೂ ಆಗಲಿಲ್ಲ. ಅದೇ ಗದ್ದಲದಲ್ಲಿ ಬಸ್ಸೂ ತಪ್ಪಿತು. ನಾವಿಬ್ಬರೂ ಇನ್ನೊಂದು ಬಸ್ಸಿನಲ್ಲಿ ಇದ್ದೇವೆಂದು ತಿಳಿದು ಅವರು ಹೊರಟುಹೋಗಿದ್ದರು.

ಮಾರ್ಗದರ್ಶಿ ಕೊಟ್ಟ ಚೀಟಿಯಲ್ಲಿ ಅವನ ನಂಬರು ಇತ್ತು. ತರಕಾರಿ ಮಾರುವವನೊಬ್ಬ ತನ್ನ ಫೋನಿನಿಂದ ಮಾತಾಡಿಸಿಕೊಟ್ಟ. ಒಂದು ತಾಸಿನಲ್ಲಿ ಕಾರು ಕಳಿಸುತ್ತೇನೆ, ಅಲ್ಲೇ ಇರಿ ಎಂದ ಮಾರ್ಗದರ್ಶಿ. ಮಧ್ಯಾಹ್ನ ಗಾಜಿನ ತಳದ ದೋಣಿಯಲ್ಲಿ ಮೀನು ತೋರಿಸುವವರಿದ್ದರು. ಅದು ತಪ್ಪಿದರೆ ಏನು ಗತಿ ಎಂದು ನನಗೆ ಕಾಲು ನಿಲ್ಲದಾಯಿತು.

ಆಗ ಯಾರೋ ಅಕ್ಕನ ಸೆರಗು ಹಿಡಿದರು. ತಿರುಗಿ ನೋಡಿದರೆ ಒಬ್ಬ ಮುದುಕಿ. ಗಿಡ್ಡ ಗೌನು, ತಲೆಗೆ ಕಟ್ಟಿದ ವಸ್ತ್ರ, ಹಣೆಯಲ್ಲಿ ಕುಂಕುಮ. ಅಕ್ಕ ಉಟ್ಟಿದ್ದು ತನ್ನ ಮಗ್ಗದ್ದೇ ಸೀರೆ. ಕೆಂಪು ರೇಷ್ಮೆಯ ಸೆರಗು, ಅದರಲ್ಲಿ ಬಿಳಿ ತೆನೆ. ಮುದುಕಿ ಸೆರಗನ್ನು ಕೆನ್ನೆಗೆ ಒತ್ತಿಕೊಂಡು ಏನೇನೋ ಹೇಳತೊಡಗಿದಳು. ಒಂದೆರಡು ಮಾತು ಕೇಳಿದ ಮೇಲೆ ಅಕ್ಕನ ಮುಖ ಅರಳಿತು. "ಬಸೂ, ಇದು ಮರಾಠಿ!" ಎಂದಳು.

ಸೊಲ್ಲಾಪುರದ ವ್ಯಾಪಾರಸ್ಥರು ನಮ್ಮೂರಿಗೆ ಸೀರೆ ಕೊಳ್ಳಲು ಬರುತ್ತಾರೆ. ಅವರ ಜೊತೆ ಹಗ್ಗಜಗ್ಗಾಡಿ ಅಕ್ಕನಿಗೆ ಮರಾಠಿ ಚಲೋ ಬರುತ್ತದೆ. ಮುದುಕಿಯದು ಹಳೇ ಕಾಲದ ಮರಾಠಿ, ನಡುನಡುವೆ ಆ ದ್ವೀಪದ ಮಾತು. ಅಕ್ಕ ನನಗೆ ಅರ್ಥ ಹೇಳಿದಳು. ಮುದುಕಿಯ ಮುತ್ತಜ್ಜಿ ಕೊಂಕಣದ ಕಡೆಯಿಂದ ಹಡಗಿನಲ್ಲಿ ಬಂದವಳಂತೆ. ಬರುವಾಗ ಇಂಥದೇ ಸೆರಗಿನ ಸೀರೆ ತಂದಿದ್ದಳಂತೆ. ಅದು ಇನ್ನೂ ಮನೆಯಲ್ಲಿದೆ, ಮನೆ ಇಲ್ಲೇ ಸಂತೆಯ ಹಿಂದೆ, ಬಂದು ನೋಡಬೇಕಂತೆ.

"ಕಾರ್ ಬರ್ತದಕ್ಕಾ," ಎಂದೆ.

"ಬರ್ಲಿ. ಅದಕ್ಕೂ ಸೀಟಿ ಇರ್ತದ, ಊದ್ತದ," ಎಂದು ಅಕ್ಕ ಮುದುಕಿಯ ಕೈ ಹಿಡಿದು ಹೊರಟೇಬಿಟ್ಟಳು. ತರಕಾರಿಯವನಿಗೆ ಕಾರು ಬಂದರೆ ಮನೆ ತೋರಿಸಲು ಸನ್ನೆಯಲ್ಲೇ ಹೇಳಿ ನಾನು ಹಿಂದೆ ಓಡಿದೆ.

ಆಯಿಯ ಮನೆ

ತಗಡಿನ ಮಾಡಿನ ಸಣ್ಣ ಮನೆ. ಅಂಗಳದಲ್ಲಿ ಪುಟ್ಟ ಗುಡಿ, ಬಿದಿರಿಗೆ ಕಟ್ಟಿದ ಕೆಂಪು ಬಾವುಟ. ಆಯಿ ಎಂದೇ ಅಕ್ಕ ಅವಳನ್ನು ಕರೆಯುತ್ತಿದ್ದಳು. ಹೆಸರು ಕೇಳುವುದು ನನಗೂ ಹೊಳೆಯಲಿಲ್ಲ. ಆಯಿ ಪೆಟ್ಟಿಗೆಯ ತಳದಿಂದ ಬಿಳಿ ವಸ್ತ್ರದಲ್ಲಿ ಸುತ್ತಿದ ಗಂಟು ತೆಗೆದು ಮಂಚದ ಮೇಲೆ ಬಿಚ್ಚಿದಳು.

ಸೀರೆ ಮಡಿಕೆಗಳಲ್ಲಿ ಹರಿದಿತ್ತು. ಒಡಲಿನ ಕಪ್ಪು ಮಾಸಿ ಬೂದಿಯಾಗಿತ್ತು. ದಡಿ ಮಾತ್ರ ಗಟ್ಟಿಯಾಗಿತ್ತು. ಅಕ್ಕ ಬಗ್ಗಿ ನೋಡಿದಳು. ಮಂಚದ ಪಕ್ಕ ನೆಲಕ್ಕೆ ಕೂತಳು. ದಡಿಯ ಮೇಲೆ ಬೆರಳು ಇಟ್ಟು ಸರಿಸುತ್ತ ಹೋದಳು, ಒಂದು ಕಡೆ ಬೆರಳು ನಿಂತಿತು.

"ಇರಬಿ ಸಾಲೋ ತಮ್ಮಾ," ಎಂದಳು. "ತಿರುವು ಇಲ್ಲೇತಿ ನೋಡ. ಅವ್ವನ ಸೀರಿ."

ಅವ್ವನ ಸೀರೆಯಲ್ಲ ಅದು, ಅವ್ವ ಹುಟ್ಟುವ ಮೊದಲೇ ಕಡಲು ದಾಟಿದ್ದು. ನಮ್ಮೂರಿನ ಯಾವುದೋ ಮಗ್ಗದಿಂದ ಹೊರಟು, ಯಾವುದೋ ಸಂತೆಯಲ್ಲಿ ಮಾರಾಟವಾಗಿ, ಕೊಂಕಣಕ್ಕೆ ಹೋಗಿ, ಅಲ್ಲಿಂದ ಇಲ್ಲಿಗೆ ಬಂದದ್ದು. ನನಗೂ ಮೈ ಝುಂ ಎಂದದ್ದು ನಿಜ. ಆದರೆ ಅಕ್ಕನ ಕಣ್ಣಲ್ಲಿ ನೀರು ಬಂದಿತ್ತು.

ಅವಳು ತಡಮಾಡಲಿಲ್ಲ. ಸೀರೆಯನ್ನು ತಿರುವಿ ಹಿಂಬದಿ ಮೇಲೆ ಮಾಡಿ ಹಾಸಿದಳು. ನೇಕಾರರು ಬಟ್ಟೆ ಓದುವುದು ಹಿಂದಿನಿಂದ. ಮುಂದೆ ನಮೂನೆ ಕಾಣುತ್ತದೆ, ಹಿಂದೆ ಎಳೆಗಳು ಎಲ್ಲಿ ಎದ್ದವು, ಎಲ್ಲಿ ಮುಳುಗಿದವು ಎಂಬುದು ಬಿಡಿಬಿಡಿಯಾಗಿ ಕಾಣುತ್ತದೆ. ಸಂಚಿಯಿಂದ ನೂಲು ತೆಗೆದಳು. ಕತ್ತರಿ ಇರಲಿಲ್ಲ, ಹಲ್ಲಿನಿಂದ ಕಡಿದಳು. ಒಂದೊಂದು ಸಾಲಿಗೂ ಎಷ್ಟು ಎಳೆ ಮೇಲೆ ಬಂದಿವೆಯೋ ಅಷ್ಟು ಗಂಟು, ಬಿಟ್ಟ ಎಳೆಗೆ ಅಷ್ಟು ಜಾಗ. ಒಂದು ಸಾಲು ಮುಗಿದರೆ ಒಂದು ದೊಡ್ಡ ಗಂಟು. ಅಪ್ಪ ಮಾಡುತ್ತಿದ್ದುದನ್ನು ನಾನು ಚಿಕ್ಕಂದಿನಲ್ಲಿ ಕಂಡಿದ್ದೆ. ಓದುಬರಹ ಬಾರದ ನಮ್ಮಪ್ಪನ ಲೆಕ್ಕದ ವಹಿ ಅದೇ ಆಗಿತ್ತು.

"ತಿರುವಿನಿಂದ ಎಣಿಸಬಾರದೇನಕ್ಕಾ? ಮೊದಲಿಂದು ನಿನಗ ಬರ್ತದಲ್ಲ?"

"ನಡುವ ಹೊಕ್ಕರ ಲೆಕ್ಕ ತಪ್ಪತದ. ಬುಡದಿಂದ ಬರಬೇಕು."

ಆಯಿ ಗೋಡೆಗೆ ಒರಗಿ ನೋಡುತ್ತ ಕೂತಿದ್ದಳು. ಅಕ್ಕ ತುಟಿಯಲ್ಲಿ ಎಣಿಸುತ್ತಿದ್ದಳು, ಬೆರಳು ಗಂಟು ಹಾಕುತ್ತಿದ್ದವು. ನಾನು ಗಡಿಯಾರ ನೋಡುತ್ತಿದ್ದೆ. ಅರ್ಧ ತಾಸು ಕಳೆದಿರಬೇಕು, ಹೊರಗೆ ಕಾರಿನ ಸದ್ದಾಯಿತು. ಚಾಲಕ ಇಳಿದು ಬಂದು ಅಂಗಳದ ನೆರಳಿನಲ್ಲಿ ನಿಂತು ಸಿಗರೇಟು ಹಚ್ಚಿದ. ಅವನು ಒಂದಿಷ್ಟೂ ಅವಸರ ಮಾಡಲಿಲ್ಲ. ಅವಸರವೆಲ್ಲ ನನ್ನದು.

"ಅಕ್ಕಾ, ಏಳು. ಕಾರ್ ಬಂತು."

"ತಿರುವಿಗೆ ಬಂದೇನಿ. ತಡಿ."

"ಎಲ್ಲರೂ ನಮ್ಮ ಸಲುವಾಗಿ ಕಾಯಾಕ ಹತ್ತಿರ್ತಾರ. ದೋಣಿ ಬಿಟ್ಟ ಹೋದ್ರ ಏನ್ ಮಾಡ್ತಿ? ಇದನ್ನ ನಾ ಫೋಟೋ ಹೊಡಕೊಂತೇನಿ. ಊರಿಗೆ ಹೋಗಿ ದಾದಾಪೀರನ ಕಡೆ ದೊಡ್ಡದು ಮಾಡಸೂಣು. ಹಾಸಗಿಯಷ್ಟ ದೊಡ್ಡದು ಮಾಡ್ತಾನ, ಮನ್ಯಾಗ ಕುಂತು ಆರಾಮ ಎಣಸು."

ಅಕ್ಕ ತಲೆ ಎತ್ತಿದಳು. "ಎಳಿ ಕಾಣ್ತಾವೇನೋ ಅದರಾಗ?"

"ಒಂದೊಂದ ಎಳಿ ಕಾಣ್ತದ."

ಅವಳು ನನ್ನನ್ನು ನಂಬಿದಳು. ಮಂತ್ರಿಯ ಮಾತು, ಮಠದ ಮಾತು ಯಾವುದನ್ನೂ ಸುಮ್ಮನೆ ಒಪ್ಪದ ನನ್ನ ಅಕ್ಕ, ಸಾಲಿ ಕಲಿತ ತಮ್ಮನ ಮಾತೆಂದು ಒಪ್ಪಿ, ನೂಲನ್ನು ಅಲ್ಲಿಗೇ ಹರಿದು ಸಂಚಿಗೆ ಹಾಕಿಕೊಂಡಳು. ಆಯಿ ಚಹಾಕ್ಕೆ ಒಳಗೆ ಕರೆದಳು. "ಚಂದಂಗ ತಗಿ ಮತ್ತ," ಎಂದು ಹೇಳಿ ಅಕ್ಕ ಅಡುಗೆಮನೆಗೆ ಹೋದಳು.

ನಾನು ಫೋನು ತೆಗೆದೆ. ಮಂಚದ ಮೇಲೆ ಸೀರೆ ಹಿಂಬದಿ ಮೇಲಾಗಿ ಬಿದ್ದಿತ್ತು. ದಾರಗಳು ಚೆದುರಿ, ಬಣ್ಣ ಮಾಸಿ, ಅದೆಂಥದೋ ಅಂದಗೆಟ್ಟು ಕಾಣುತ್ತಿತ್ತು. ಫೋಟೋಕ್ಕೆ ಇದು ಯಾಕೆ ಎಂದು ನಾನು ಅದನ್ನು ತಿರುವಿ ಹಾಕಿದೆ. ಮುಂಬದಿ ಮೇಲೆ ಬಂತು. ಕೆಂಪು ದಡಿ, ಸಾಲಾಗಿ ಇರುವೆಗಳು. ಕೈಯಿಂದ ಸವರಿ ಸುಕ್ಕು ಬಿಡಿಸಿದೆ. ಹನ್ನೊಂದು ಫೋಟೋ ತೆಗೆದೆ. ಪರದೆಯ ಮೇಲೆ ಎಷ್ಟು ಚಂದ ಕಂಡಿತೆಂದರೆ, ನನ್ನ ಬಗ್ಗೆ ನನಗೇ ಹೆಮ್ಮೆಯಾಯಿತು.

ಅಕ್ಕ ಬಂದಾಗ ಸೀರೆಯನ್ನು ಮಡಿಸಿ ಇಟ್ಟಾಗಿತ್ತು. ಅವಳು ಫೋನು ನೋಡಲು ಕೇಳಲಿಲ್ಲ. ಆಯಿಯ ಕಾಲಿಗೆ ಬಿದ್ದಳು. ಆಯಿ ಅವಳ ಸೆರಗನ್ನು ಇನ್ನೊಂದು ಸಲ ಮುಟ್ಟಿ ನೋಡಿದಳು.

ಗಾಜಿನ ದೋಣಿ

ದೋಣಿ ನಮಗಾಗಿ ಕಾಯುತ್ತಿರಲಿಲ್ಲ, ಅದು ಹೊರಡುವುದಕ್ಕೇ ಇನ್ನೂ ಎರಡು ತಾಸು ಇತ್ತು. ನಮ್ಮ ಜೊತೆಗಾರರು ದಂಡೆಯಲ್ಲಿ ಇಸ್ಪೀಟು ಆಡುತ್ತಿದ್ದರು. ಯಾರೂ ನಮ್ಮನ್ನು ಎಲ್ಲಿ ಹೋಗಿದ್ದಿರಿ ಎಂದು ಸಹ ಕೇಳಲಿಲ್ಲ.

ಕೊನೆಗೆ ಹತ್ತಿಸಿದರು. ದೋಣಿಯ ತಳದಲ್ಲಿ ಹಾಸುಗಲ್ಲಿನಷ್ಟು ಗಾಜು. ಅದರ ಕೆಳಗೆ ಹಳದಿ ಪಟ್ಟೆಯ ಮೀನುಗಳು, ಕೋಸುಗಡ್ಡೆಯಂಥ ಹವಳ. ನಾನು ಒಂದಾದ ಮೇಲೊಂದು ಫೋಟೋ ತೆಗೆದೆ. ಆಮೇಲೆ ನೋಡಿದರೆ ಎಲ್ಲದರಲ್ಲೂ ಗಾಜಿನಲ್ಲಿ ಬಿದ್ದ ನನ್ನದೇ ಮುಖ. ಅಕ್ಕ ಮೀನು ನೋಡಲಿಲ್ಲ. ಸಂಚಿಯ ನೂಲನ್ನು ತೆಗೆದು, ಗಂಟುಗಳ ಮೇಲೆ ಬೆರಳಾಡಿಸುತ್ತ ಕೂತಿದ್ದಳು. ಮುಖದ ಮೇಲೆ ಇದ್ದಕ್ಕಿದ್ದಂತೆ ನಗು ಬರುತ್ತಿತ್ತು.

"ಬರೂ ದೀಪಾವಳಿಗೆ ಮಗ್ಗಕ್ಕ ಹಾಸು ಹೂಡ್ತೇನಿ. ಮೊದಲನೇದು ಗಿರಿಜಾಗ," ಎಂದಳು.

ಆ ಪ್ರವಾಸದಲ್ಲಿ ಅಕ್ಕನನ್ನು ಅಷ್ಟು ಖುಷಿಯಲ್ಲಿ ನಾನು ನೋಡಿದ್ದು ಅದೊಂದೇ ಸಲ. ಅದರ ಫೋಟೋ ತೆಗೆಯಲಿಲ್ಲ.

ಮರಳಿ ರೋಣ

ದಾದಾಪೀರ ಫೋಟೋಗಳನ್ನು ತನ್ನ ಕಂಪ್ಯೂಟರಿಗೆ ಇಳಿಸಿದ. ಸಮುದ್ರ, ಮೋಡ, ತಟ್ಟೆ, ಗುಜರಾತದ ವ್ಯಾಪಾರಿ ಎಲ್ಲ ದಾಟಿ ಸೀರೆಗೆ ಬಂದೆವು. ದೊಡ್ಡದು ಮಾಡುತ್ತ ಹೋದ. ಇರುವೆಗಳು ಮೊದಲು ಚುಕ್ಕೆಗಳಾದವು. ಆಮೇಲೆ ಕೆಂಪು ಚೌಕಗಳಾದವು. ಆಮೇಲೆ ನನ್ನ ಅಂಗಡಿಯಲ್ಲಿ ಡಬ್ಬಿ ಚೆಲ್ಲಿದಾಗ ಆಗುವಂಥ ಒಂದು ಕಲೆಯಾಯಿತು.

"ಇನ್ನೂ ಸ್ವಲ್ಪ ದೊಡ್ಡದ ಮಾಡೋ."

"ದೊಡ್ಡದ ಮಾಡಿದ್ರ ಇನ್ನೂ ಕೆಡತದ. ಒಳಗ ಇದ್ರಲ್ಲ ಹೊರಗ ಬರೂದು," ಎಂದ ದಾದಾಪೀರ. ನಾನು ಹೇಳಿದ್ದೆನಲ್ಲ ಎಂದು ಅವನು ಅನ್ನಲಿಲ್ಲ. ಅಂದಿದ್ದರೆ ಜಗಳವಾಡಿಯಾದರೂ ಹಗುರಾಗುತ್ತಿದ್ದೆ. ಹನ್ನೊಂದನ್ನೂ ತನ್ನ ಕೈಲಾದಷ್ಟು ತಿದ್ದಿ, ದೊಡ್ಡ ಹಾಳೆಯಲ್ಲಿ ಮುದ್ರಿಸಿಕೊಟ್ಟ.

ಆ ಹಾಳೆಗಳನ್ನು ಹಿಡಿದು ಪುರ್ತಗೇರಿ ದಾಟಿ ಗಜೇಂದ್ರಗಡಕ್ಕೆ ಹೋಗುವ ಬಸ್ಸಿನಲ್ಲಿ ನಾನು ಕಟ್ಟಿದ ಸುಳ್ಳುಗಳಿಗೆ ಲೆಕ್ಕವಿಲ್ಲ. ಫೋನು ನೀರಿಗೆ ಬಿತ್ತು ಎನ್ನಲೇ, ಫೋಟೋ ತಾನಾಗಿ ಅಳಿಸಿಹೋಯಿತು ಎನ್ನಲೇ. ಯಾವುದೂ ಬಾಯಿಗೆ ಬರಲಿಲ್ಲ.

ಅಕ್ಕ ಕೈ ತೊಳೆದುಕೊಂಡು ಬಂದು ಹಾಳೆಗಳನ್ನು ಇಸಿದುಕೊಂಡಳು. ಬಾಗಿಲ ಬೆಳಕಿಗೆ ಹಿಡಿದಳು, ತನ್ನ ಗಂಡನ ಕನ್ನಡಕ ಹಾಕಿಕೊಂಡು ನೋಡಿದಳು, ಭೂತಗನ್ನಡಿ ತರಿಸಿ ನೋಡಿದಳು. ಆಮೇಲೆ ಕೇಳಿದಳು.

"ಇದು ಮುಂದಿನ ಮಗ್ಗಲು ಅಲ್ಲೇನೋ? ನಾ ಹಿಂದಿಂದ ಹಾಸಿದ್ನೆಲ್ಲ."

"ನಾ ಹೊಳ್ಳಿಸಿದೆ ಅಕ್ಕಾ. ಚಂದ ಕಾಣ್ಲಿ ಅಂತ."

ನಾನು ನೇಕಾರನ ಮಗ. ನಮ್ಮ ಮನೆಯಲ್ಲಿ ಅಂಬೆಗಾಲಿಡುವ ಕೂಸಿಗೂ ಬಟ್ಟೆಯ ಯಾವ ಮಗ್ಗುಲು ಯಾವುದಕ್ಕೆ ಎಂಬುದು ಗೊತ್ತಿರುತ್ತದೆ. ಅಕ್ಕ ಹಾಳೆಗಳನ್ನು ಒಂದರ ಮೇಲೊಂದು ಸರಿಯಾಗಿ ಜೋಡಿಸಿ ನನ್ನ ಕೈಗೆ ಕೊಟ್ಟಳು. "ರೊಟ್ಟಿ ತಿಂದ ಹೋಗು, ಬಿಸಿ ಅದಾವ," ಎಂದಳು. ಅಷ್ಟೇ.

ಆಮೇಲೆ ನಾನು ಸುಮ್ಮನೆ ಕೂಡಲಿಲ್ಲ. ಕಂಪನಿಯವರಿಗೆ ಫೋನು ಮಾಡಿದೆ. ಮಾರ್ಗದರ್ಶಿಯ ಚೀಟಿ ಹುಡುಕಿದೆ, ಪ್ಯಾಂಟಿನ ಕಿಸೆಯಲ್ಲಿ ಒಗೆಸಿಕೊಂಡು ಉಂಡೆಯಾಗಿತ್ತು. ಕಂಪನಿಯವರ ಮೂಲಕ ಕೊನೆಗೆ ಅವನು ಸಿಕ್ಕ. ಅವನು ಕೇಳಿದ್ದು ನ್ಯಾಯವಾಗಿಯೇ ಇತ್ತು. ಯಾವ ಊರು? ಯಾವ ಸಂತೆ? ಮುದುಕಿಯ ಹೆಸರೇನು? ನಿಮ್ಮ ಹಾಗೆ ಬಸ್ಸು ತಪ್ಪಿಸಿಕೊಂಡವರು ಎಷ್ಟೋ ಮಂದಿ, ಕಾರು ಎಲ್ಲಿಗೆ ಕಳಿಸಿದ್ದೆನೋ ನೆನಪಿಲ್ಲ ಎಂದ. ನನ್ನ ಬಳಿ ಹಣ್ಣಿನ ಅಂಗಡಿಯ ಫೋಟೋ ಇತ್ತು. ಹಣ್ಣು ಎಲ್ಲ ಸಂತೆಯಲ್ಲೂ ಇರುತ್ತದೆ.

ಗಜೇಂದ್ರಗಡ

ದೀಪಾವಳಿ ಕಳೆದು ಒಂದು ದಿನ ಅಕ್ಕನ ಮನೆಗೆ ಹೋದೆ. ಮಗ್ಗದ ಮೇಲೆ ಕೆಂಪು ದಡಿಯ ಹಾಸು ಇತ್ತು. ಅಕ್ಕ ಕುಣಿಯಲ್ಲಿ ಕೂತಿದ್ದಳು. ನೇಯ್ದ ಗೇಣಿನಲ್ಲಿ ಇರುವೆಗಳು ಒಂದರ ಹಿಂದೊಂದು ಚೊಕ್ಕವಾಗಿ ಬಂದಿದ್ದವು. ತಿರುವಿನ ಹತ್ತಿರ ಬಂದು ಅವು ಗಲಿಬಿಲಿಯಾಗಿದ್ದವು. ಅಲ್ಲಿ ಬಿಚ್ಚಿ ನೇಯ್ದ ಗುರುತುಗಳಿದ್ದವು, ಒಂದಲ್ಲ, ಹಲವು ಸಲ.

ನಾನು ಬಂದದ್ದನ್ನು ನೋಡಿ ಅವಳು ಏಳುವಷ್ಟರಲ್ಲಿ ಸಂಗಪ್ಪ ಕಾಕಾ ಬಾಗಿಲಲ್ಲಿ ನಿಂತ. ಅಪ್ಪನ ಜೋಡಿ ನೇಯ್ದ ಮುದುಕ. ಕಣ್ಣು ಮಂಜಾಗಿ ಮಗ್ಗ ಬಿಟ್ಟು ಎಷ್ಟೋ ವರ್ಷವಾಗಿತ್ತು. ಗೋಡೆ ಹಿಡಿದು ಒಳಗೆ ಬಂದವನು ರೂಢಿಯಂತೆ ನೇಯ್ದ ಬಟ್ಟೆಯ ಕೆಳಗೆ ಕೈ ಹಾಕಿ, ಹಿಂಬದಿಯನ್ನು ಸವರಿದ. ಕೈ ನಿಂತಿತು.

"ನೀಲವ್ವಾ, ಇದ ಇರಬಿ ಸಾಲ ಅಲ್ಲೇನ? ಎಲ್ಲಿ ಸಿಕ್ತು ನಿನಗ?" ಮುದುಕ ಅವಳ ಕಡೆ ತಿರುಗಿದ. "ನಿಮ್ಮಪ್ಪನ ಜೋಡಿ ಹೋತು ಅಂತ ಮಾಡಿದ್ನೆವ್ವಾ ನಾ. ಪರದೇಶಕ್ಕ ಹೋಗಿದ್ರೆಲ್ಲ, ಅಲ್ಲೆಲ್ಲೆರ ಕಂಡ್ರೇನು?"

ಅಕ್ಕ ನನ್ನ ಕಡೆ ನೋಡಲಿಲ್ಲ.

"ಎಲ್ಲಿಂದ ಸಿಗ್ತದ ಬಿಡ್ರಿ ಕಾಕಾ. ಅಲ್ಲಿ ಬರೇ ಸಮುದ್ರ ಐತಿ. ನೆನಪಿಲೆ ಮಾಡಾಕ ಹತ್ತೇನಿ."

ಕಾಕಾ ಇನ್ನೊಮ್ಮೆ ಸವರಿದ. "ತಿರುವಿನ್ಯಾಗ ತಪ್ಪೇತಿ."

"ಹೌದ್ರಿ ಕಾಕಾ. ನನಗ ಎಣಿಕಿ ಬರವಲ್ತು."

ತನಗೆ ಬಾರದು ಎಂಬ ಮಾತು ಆ ಬಾಯಿಂದ ಬಂದದ್ದನ್ನು ಆ ಓಣಿಯ ಯಾರೂ ಅದುವರೆಗೆ ಕೇಳಿರಲಿಲ್ಲ. ಕಾಕಾ ನಿಟ್ಟುಸಿರು ಬಿಟ್ಟು, ಅವಳ ತಲೆ ಮೇಲೆ ಕೈ ಇಟ್ಟು, ಗೋಡೆ ಹಿಡಿದು ಹೊರಗೆ ಹೋದ. ನಾನು ಅಲ್ಲೇ ಬಾಗಿಲ ಪಕ್ಕ ನಿಂತಿದ್ದೆ. ಕಾಕಾ ತಡಿ, ಸಿಕ್ಕಿತ್ತು ಎನ್ನಬಹುದಿತ್ತು. ಮೂರು ಹೆಜ್ಜೆ ಹಾಕಿದ್ದರೆ ಸಾಕಿತ್ತು. ನಾಚಿಕೆ ನನ್ನ ಬಾಯಿ ಕಟ್ಟಿತು, ನಾನು ನಿಂತೇ ಇದ್ದೆ. ಅಕ್ಕ ತಿರುವಿನ ಎಳೆಗಳನ್ನು ಬಿಚ್ಚತೊಡಗಿದಳು.

ಅಂದು ಕಾಕಾನಿಗೆ ಹೇಳದೆ ಹೋದದ್ದನ್ನು ಈಗ ಓಣಿಯವರೆಲ್ಲ ಓದಲಿ ಎಂದೇ ಬರೆಯುತ್ತಿದ್ದೇನೆ. ಇರಬಿ ಸಾಲು ಮಾರಿಷಸ್ಸಿನಲ್ಲಿ, ಒಬ್ಬ ಆಯಿಯ ಮಂಚದ ಮೇಲೆ ಸಿಕ್ಕಿತ್ತು. ನನ್ನ ಅಕ್ಕನಿಗೆ ಎಣಿಕೆ ಬರುತ್ತಿತ್ತು. ಅವಳು ಬುಡದಿಂದ ಎಣಿಸಿ ತಿರುವಿನವರೆಗೆ ಬಂದಿದ್ದಳು. ನಡುವೆ ಎಬ್ಬಿಸಿದವನು ನಾನು.